ನೆನೆದ ಗೋಡೆ ಆರಬೇಕು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನನ್ನ ವೃತ್ತಿಯ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಸಿವಿಲ್ ಇಂಜಿನಿಯರ್ ಎಂದರೆ ಜನ ಅಣೆಕಟ್ಟು, ಸೇತುವೆ, ಕಾಲುವೆ ಎಂದುಕೊಳ್ಳುತ್ತಾರೆ. ತುಂಗಭದ್ರೆಯ ದಂಡೆಯ ತಾಲ್ಲೂಕಿನವರು ನಾವು. ಹಾಗೆ ಅಂದುಕೊಳ್ಳುವುದು ಸಹಜ. ಆದರೆ ನಾನು ಇಂದು ಮಾತನಾಡಲು ಆರಿಸಿಕೊಂಡದ್ದು ಮಣ್ಣಿನ ಗೋಡೆಯನ್ನು. ಮಣ್ಣು, ಹೊಟ್ಟು, ಸಗಣಿ, ಹುಲ್ಲು, ದಂಟು ಇವುಗಳಿಂದ ಕಟ್ಟಿದ ಗೋಡೆಯೊಳಗೆ ನೀರು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದೇ ನನ್ನ ವಿಷಯ. ಇದನ್ನು ಆರಿಸಿಕೊಳ್ಳಲು ಕಾರಣ ಸರಳ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಸರ್ಕಾರದ ಕಟ್ಟಡದಲ್ಲಿ ಆದದ್ದಲ್ಲ, ನನ್ನ ಅವ್ವನ ಅಡುಗೆಮನೆಯ ಗೋಡೆಯಲ್ಲಿ ಆದದ್ದು. ಅದನ್ನು ಈ ಊರಿನಲ್ಲೇ ಹೇಳಬೇಕು, ಯಾಕೆಂದರೆ ಈ ಊರಿನಲ್ಲಿ ಇನ್ನೂ ಅಂಥ ಗೋಡೆಗಳಿವೆ.

ನಮ್ಮ ಮನೆ ಮಣ್ಣಿನ ಮಾಳಿಗೆ ಮನೆ. ಹಳಬರಿಗೆ ವಿವರಿಸಬೇಕಾಗಿಲ್ಲ, ಮಕ್ಕಳಿಗಾಗಿ ಹೇಳುತ್ತೇನೆ. ಕೆಳಗೆ ಕಲ್ಲಿನ ಪಾಯ, ನೆಲದಿಂದ ಎರಡು ಅಡಿ ಮೇಲೆದ್ದದ್ದು. ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮೇಲೆ ಕಂಬ, ತೊಲೆ, ಜಂತಿ. ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಆಮೇಲೆ ಮಣ್ಣು, ಕೊನೆಗೆ ಸವಳು ಮಣ್ಣಿನ ಹೊದಿಕೆ. ಸವಳು ಮಣ್ಣು ನೀರು ಬಿದ್ದೊಡನೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ಅದು ಮಾಳಿಗೆಯ ಮೇಲೆ. ಬೆಳಕಿಗೆ, ಹೊಗೆಗೆ ಒಂದು ಬೆಳಕಿಂಡಿ. ಇಷ್ಟೇ ಮನೆ.

ಗೋಡೆಯ ಮಣ್ಣನ್ನು ತಂದ ದಿನವೇ ಹಚ್ಚುತ್ತಿರಲಿಲ್ಲ. ಕೆಮ್ಮಣ್ಣಿಗೆ ಜೋಳದ ಹೊಟ್ಟು, ನವಣೆ ಹುಲ್ಲಿನ ಚೂರು ಸೇರಿಸಿ, ನೀರು ಹಾಕಿ, ತುಳಿದು, ಕೆಲವು ದಿನ ಕೊಳೆಯಲು ಬಿಡುತ್ತಿದ್ದರು. ಬರಿಯ ಎರೆ ಮಣ್ಣು ಬಳಸಿದರೆ ಬೇಸಿಗೆಯಲ್ಲಿ ಹೊಲ ಬಿರಿದಂತೆ ಗೋಡೆಯೂ ಬಿರಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯುಗಾದಿ, ಮಾನವಮಿ, ದೀಪಾವಳಿ ಬಂದರೆ ಅವ್ವ ಸೆರಗು ಸಿಕ್ಕಿಸಿಕೊಂಡು ಮಣ್ಣು ಸಗಣಿ ಕಲಸಿ ಗೋಡೆ ಸಾರಿಸುತ್ತಿದ್ದಳು. ಆಮೇಲೆ ಸುಣ್ಣ. ಕೈಯ ಬೆರಳ ಗುರುತು ಗೋಡೆಯ ತುಂಬ ಕಮಾನು ಕಮಾನಾಗಿ ಉಳಿಯುತ್ತಿತ್ತು.

ನನಗೆ ಡಿಪ್ಲೊಮಾ ಆಯಿತು, ನೌಕರಿ ಬಂತು. ಅವ್ವನ ಮೊಣಕಾಲು ನೋವು ಶುರುವಾಗಿತ್ತು. ಕೂತು ಎದ್ದು ಗೋಡೆ ಸಾರಿಸುವುದು ಅವಳಿಂದ ಆಗುತ್ತಿರಲಿಲ್ಲ. 1998ರ ಬೇಸಿಗೆಯಲ್ಲಿ ನಾನು ರಜೆ ಹಾಕಿ ಬಂದು, ಗೋಡೆಗೆ ಕೋಳಿ ಜಾಲರಿ ಬಡಿಸಿ, ಹೊರಗೂ ಒಳಗೂ ಸಿಮೆಂಟ್ ಗಿಲಾವು ಮಾಡಿಸಿದೆ. ಒಳಗೆ ಎಣ್ಣೆ ಬಣ್ಣ ಬಳಿಸಿದೆ. "ಇನ್ನ ಸಾರ್ಸೋ ಗೋಳಿಲ್ಲಬೇ ಅವ್ವ" ಎಂದೆ. ಅವ್ವ ಗೋಡೆಯ ಮೇಲೆ ಕೈಯಾಡಿಸಿ ನಕ್ಕಳು.

ಕೆಲಸ ನೋಡಲು ನಮ್ಮ ಓಣಿಯ ಹಿರಿಯ ಗೌಂಡಿಯೊಬ್ಬರು ಬಂದಿದ್ದರು. ಊರಿನವರೆಲ್ಲ ಅವರನ್ನು ಗೌಂಡಿ ಅಜ್ಜ ಎಂದೇ ಕರೆಯುತ್ತಿದ್ದರು. ಈ ಮನೆಯ ಗೋಡೆಯನ್ನು ಹಾಕಿದ್ದು ಅವರ ಅಪ್ಪ. ಅವರು ಕರಣಿಯ ಹಿಡಿಯಿಂದ ಗಿಲಾವನ್ನು ಒಂದೆರಡು ಸಲ ತಟ್ಟಿ, "ತಮ್ಮಾ, ಗ್ವಾಡಿ ನೆನಿಯೋದು ತಪ್ಪಲ್ಲಪಾ. ಆರದಂಗ ಮಾಡೋದು ತಪ್ಪು" ಅಂದರು. ನಾನು ನಕ್ಕು ಸುಮ್ಮನಾದೆ. ನನ್ನ ಪುಸ್ತಕದಲ್ಲಿ ಆ ಮಾತು ಇರಲಿಲ್ಲ.

ನಾಲ್ಕೈದು ವರ್ಷಕ್ಕೆ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿತು. ಬಿಳಿ ಉಪ್ಪು ಕಾಣಿಸಿಕೊಂಡಿತು. ತಟ್ಟಿದರೆ ಪೊಳ್ಳು ಸದ್ದು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಉದುರಿದ ಜಾಗಕ್ಕೆ ಇನ್ನಷ್ಟು ಗಟ್ಟಿ ಸಿಮೆಂಟ್ ಮೆತ್ತಿಸಿದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು ಇಲ್ಲಿ ಕೂತಿರುವ ದೊಡ್ಡವರಿಗೆ ನೆನಪಿರಬೇಕು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಬಿಡದೆ ಸುರಿದ ಮಳೆ, ಉಕ್ಕಿದ ಹೊಳೆಗಳು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಎಷ್ಟೋ ಜನ ಹೊಳೆಯಲ್ಲಿ ಕೊಚ್ಚಿಹೋದವರಲ್ಲ, ಮಲಗಿದ್ದಾಗ ಗೋಡೆ ಬಿದ್ದು ಹೋದವರು. ಆ ದಿನಗಳಲ್ಲಿ ಒಂದು ರಾತ್ರಿ ನಮ್ಮ ಅಡುಗೆಮನೆಯ ಗೋಡೆ ಪೂರ್ತಿ ಹೊರಕ್ಕೆ ಮಲಗಿತು. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು, ಉಳಿದಳು. ಗೋಡೆಯ ಮಗ್ಗುಲಿಗೆ ಕಟ್ಟಿದ್ದ ಎರಡು ಆಡು ಸತ್ತವು. ದಿನಾ ನಸುಕಿನಲ್ಲಿ ಅವ್ವ ಒಲೆ ಮುಂದೆ ಕೂರುತ್ತಿದ್ದದ್ದು ಆ ಗೋಡೆಗೆ ಬೆನ್ನು ಹಚ್ಚಿ. ನಾಲ್ಕು ತಾಸು ತಡವಾಗಿ ಬಿದ್ದಿದ್ದರೆ ನಾನು ಇಲ್ಲಿ ನಿಂತು ಈ ಮಾತನ್ನು ಆಡುತ್ತಿರಲಿಲ್ಲ.

ಮಳೆ ನಿಂತು ಹತ್ತು ದಿನವಾದ ಮೇಲೆ ಗೌಂಡಿ ಅಜ್ಜ ಮತ್ತು ನಾನು ಬಿದ್ದ ಗೋಡೆಯನ್ನು ಬಿಡಿಸಿ ನೋಡಿದೆವು. ಹತ್ತು ದಿನ ಬಿಸಿಲು ಬಿದ್ದಿತ್ತು. ಆದರೂ ಸಿಮೆಂಟ್ ಹಲ್ಲೆಯನ್ನು ಎತ್ತಿದರೆ ಅದರ ಹಿಂದಿನ ಮಣ್ಣು ಕೈಗೆ ಮೆತ್ತುತ್ತಿತ್ತು. ಜಾಲರಿ ತುಕ್ಕು ಹಿಡಿದು ಪುಡಿಯಾಗಿತ್ತು. ಮಣ್ಣಿನೊಳಗಿನ ಹೊಟ್ಟು ಕಪ್ಪಾಗಿ ಕೊಳೆತಿತ್ತು, ಗೆದ್ದಲು ಹಾದಿ ಮಾಡಿಕೊಂಡಿತ್ತು. ಪಕ್ಕದಲ್ಲೇ ನಮ್ಮ ದನದ ಕೊಟ್ಟಿಗೆಯ ಗೋಡೆ ಇತ್ತು. ಅದೇ ಮಣ್ಣು, ಅದೇ ಕಾಲದ್ದು, ಅದೇ ಮಳೆಯಲ್ಲಿ ನೆನೆದದ್ದು. ಬಡತನಕ್ಕೋ ಅಸಡ್ಡೆಗೋ ನಾನು ಅದಕ್ಕೆ ಸಿಮೆಂಟ್ ಹಚ್ಚಿಸಿರಲಿಲ್ಲ. ಅದರ ಮೇಲ್ಪದರ ಒಂದು ಅಂಗುಲ ತೊಳೆದುಹೋಗಿತ್ತು. ಒಡೆದು ನೋಡಿದರೆ ಒಳಗಿನ ಹೊಟ್ಟು ಹಳದಿಯಾಗಿ, ಹೊಳಪಾಗಿ, ನಿನ್ನೆ ಕಣದಿಂದ ತಂದ ಹಾಗಿತ್ತು. ಅಜ್ಜ ಆ ಎರಡು ಹೆಂಟೆಗಳನ್ನು ನನ್ನ ಎರಡು ಕೈಯಲ್ಲಿಟ್ಟರು. ಏನೂ ಅನ್ನಲಿಲ್ಲ.

ಆ ಎರಡು ಹೆಂಟೆಗಳ ನಡುವಿನ ವ್ಯತ್ಯಾಸವೇನು ಎಂದು ತಿಳಿಯಲು ನಾನು ಮತ್ತೆ ಓದಬೇಕಾಯಿತು. ಓದಿ ತಿಳಿದದ್ದನ್ನು ನಿಮಗೆ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಗಾಳಿಯಲ್ಲಿರುವ ನೀರು. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂದು ಖೋಲಿ ಎಂದರೆ ಸುಮಾರು 34 ಘನ ಮೀಟರ್. ಲೆಕ್ಕ ಹಾಕಿ. ತೇವ ತುಂಬಿದ ಆ ಖೋಲಿಯ ಗಾಳಿ ಹತ್ತು ಡಿಗ್ರಿ ತಣಿದರೆ 400 ಗ್ರಾಂಗಿಂತ ಹೆಚ್ಚು ನೀರು ಎಲ್ಲೋ ಒಂದು ಕಡೆ ಇಳಿಯಲೇಬೇಕು. ಅಂದರೆ ಎರಡು ಲೋಟ. ತಗಡಿನ ಮನೆಯಲ್ಲಿ ಅದು ನಸುಕಿನಲ್ಲಿ ತಗಡಿನಿಂದ ಹನಿಯಾಗಿ ತೊಟ್ಟಿಕ್ಕುತ್ತದೆ. ಎಣ್ಣೆ ಬಣ್ಣದ ಗೋಡೆಯ ಮೇಲೆ ಬೆವರಿನಂತೆ ಕೂರುತ್ತದೆ, ಆಮೇಲೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮಣ್ಣು ಹೊಟ್ಟಿನ ಗೋಡೆಯಲ್ಲಿ ಹನಿ ಕಾಣುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾಗುತ್ತಿದ್ದಂತೆಯೇ ಜೇಡಿಯ ಕಣಗಳು, ಹೊಟ್ಟಿನ ನಾರು ಆವಿಯನ್ನು ಹೀರಿಕೊಳ್ಳುತ್ತವೆ. ಮರುದಿನ ಗಾಳಿ ಒಣಗಿದಾಗ ಅದನ್ನು ಬಿಟ್ಟುಕೊಡುತ್ತವೆ. ಜನರ ಉಸಿರು, ಅಡುಗೆ, ಜಳಕ, ಒದ್ದೆ ಬಟ್ಟೆ ಎಲ್ಲ ಸೇರಿ ನಾಲ್ಕು ಜನರ ಸಂಸಾರ ದಿನಕ್ಕೆ ಹಲವು ಲೀಟರ್ ನೀರನ್ನು ಮನೆಯ ಗಾಳಿಗೆ ಸೇರಿಸುತ್ತದೆ. ಈ ನೀರಿನ ಏರಿಳಿತವನ್ನು ಗೋಡೆ ಸಂಭಾಳಿಸುತ್ತದೆ.

ಎರಡನೆಯದು ಗೋಡೆಯ ಜಮಾ ಖರ್ಚು. ಗೋಡೆಗೆ ನೀರು ಮೂರು ಕಡೆಯಿಂದ ಜಮಾ ಆಗುತ್ತದೆ. ಮೇಲಿನಿಂದ ಮಳೆ, ಅದು ಮಾಳಿಗೆ ಸೋರಿದರೆ ಇಲ್ಲವೇ ಇರಚಲು ಹೊಡೆದರೆ. ಕೆಳಗಿನಿಂದ ನೆಲದ ತೇವ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಸಣ್ಣ ರಂಧ್ರಗಳಲ್ಲಿ ನೀರು ಮೇಲಕ್ಕೇರುತ್ತದೆ. ಒಳಗಿನಿಂದ ಈಗ ಹೇಳಿದ ಆವಿ. ಆದರೆ ಖರ್ಚಾಗುವುದಕ್ಕೆ ಇರುವ ದಾರಿ ಒಂದೇ. ಒಳಗಿನ ತೇವ ಗೋಡೆಯ ಮೈಗೆ ಬಂದು ಆವಿಯಾಗಿ ಗಾಳಿಗೆ ಹೋಗಬೇಕು. ಆ ಮೈಯನ್ನೇ ಮುಚ್ಚಿದರೆ ಜಮಾ ಆಗುತ್ತಲೇ ಇರುತ್ತದೆ, ಖರ್ಚು ನಿಲ್ಲುತ್ತದೆ.

ಸಿಮೆಂಟ್ ಗಿಲಾವು ನೀರನ್ನು ಒಳಗೆ ಬಿಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಮಣ್ಣಿನ ಗೋಡೆ ತೇವಕ್ಕೆ ಸ್ವಲ್ಪ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಗಟ್ಟಿ ಸಿಮೆಂಟ್ ಅದರ ಜೊತೆ ಹಿಗ್ಗಿ ಕುಗ್ಗುವುದಿಲ್ಲ. ಎರಡರ ನಡುವೆ ಬಿಡುಗಡೆಯಾಗಿ ಕೂದಲೆಳೆಯಂಥ ಸೀಳುಗಳು ಬೀಳುತ್ತವೆ. ಕೂದಲೆಳೆಯ ಸೀಳಿನಲ್ಲಿ ಮಳೆನೀರು ನೀರಾಗಿಯೇ ಸುಲಭವಾಗಿ ಒಳಗೆ ಹೋಗುತ್ತದೆ. ಹೊರಗೆ ಬರಬೇಕಾದರೆ ಮಾತ್ರ ಆವಿಯಾಗಿ, ದಟ್ಟವಾದ ಸಿಮೆಂಟನ್ನು ದಾಟಿ, ನಿಧಾನವಾಗಿ ಬರಬೇಕು. ಒಳಗೆ ಹೋಗುವುದು ಒಂದು ಗಂಟೆಯ ಕೆಲಸ, ಹೊರಗೆ ಬರುವುದು ತಿಂಗಳುಗಳ ಕೆಲಸ. ಆಷಾಢದಲ್ಲಿ ಹೋದ ನೀರು ಹೊರಗೆ ಬರುವ ಮೊದಲೇ ಹಿಂಗಾರು ಮಳೆ ಬಂದಿರುತ್ತದೆ. ಒಣಗಿದ ಮಣ್ಣಿನ ಗೋಡೆ ಮಾಳಿಗೆಯ ಭಾರವನ್ನು ಆರಾಮವಾಗಿ ಹೊರುತ್ತದೆ. ಪೂರ್ತಿ ನೆನೆದ ಮಣ್ಣು ತನ್ನ ಬಲದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾದ ಗೋಡೆ, ಒಳಗೆ ಮುದ್ದೆ. ಬರಿಯ ಮಣ್ಣಿನ ಗೋಡೆಯಾದರೆ ಬೀಳುವ ಮುಂಚೆ ಉದುರುತ್ತದೆ, ಉಬ್ಬುತ್ತದೆ, ನಮಗೆ ಕಾಣುತ್ತದೆ. ಸಿಮೆಂಟ್ ಹೊದ್ದ ಗೋಡೆ ಆ ಸುಳಿವನ್ನೂ ಮುಚ್ಚಿಡುತ್ತದೆ.

ಮೂರನೆಯದು ಹೊಟ್ಟು, ನಾರು, ಕಟ್ಟಿಗೆ. ಇವು ಒಂದು ಕಾಲಕ್ಕೆ ಜೀವ ಇದ್ದ ವಸ್ತುಗಳು. ತೇವ ಹೆಚ್ಚಾದರೆ ಬೂಷ್ಟು, ಗೆದ್ದಲು ಇವುಗಳನ್ನು ತಿನ್ನುತ್ತವೆ. ಎಪಿಎಂಸಿಗೆ ಮೆಕ್ಕೆಜೋಳ ಒಯ್ದಾಗ ತೇವಾಂಶ ಅಳೆಯುವುದನ್ನು ನೀವು ನೋಡಿದ್ದೀರಿ. ನೂರಕ್ಕೆ 14ರ ಒಳಗಿದ್ದರೆ ಮಾಲು ಒಳ್ಳೆಯದು, ಮೀರಿದರೆ ಬೆಲೆ ಇಳಿಯುತ್ತದೆ. ಗೋಡೆಯೊಳಗಿನ ಹೊಟ್ಟಿಗೂ ಮರಕ್ಕೂ ಇಂಥದೇ ಲೆಕ್ಕ. ತೇವ ನೂರಕ್ಕೆ 20ರ ಕೆಳಗೆ ಇರುವ ತನಕ ಸಾಮಾನ್ಯವಾಗಿ ಕೊಳೆ ಹತ್ತುವುದಿಲ್ಲ. ಒಣ ಮಣ್ಣು ತನ್ನ ಮಗ್ಗುಲಿನ ಕಟ್ಟಿಗೆಯ ತೇವವನ್ನು ತಾನು ಎಳೆದುಕೊಂಡು ಮೈಗೆ ಕಳಿಸುತ್ತದೆ. ಅದರಿಂದಲೇ ನೂರು ವರ್ಷದ ಹಳೆಯ ಜಂತಿ, ಗೋಡೆಯೊಳಗೆ ಹುದುಗಿದ ತುದಿ ಕೂಡ, ಗಟ್ಟಿಯಾಗಿ ಉಳಿದಿರುವುದು.

ನಮ್ಮ ಹಿರಿಯರಿಗೆ ಇದೆಲ್ಲ ಬೇರೆ ಹೆಸರಿನಲ್ಲಿ ಗೊತ್ತಿತ್ತು. ಹಗೇವಿನ ಸಂಗತಿ ನೋಡಿ. ನೆಲದೊಳಗಿನ ಗುಂಡಿಯಲ್ಲಿ ಜೋಳ ತುಂಬುವಾಗ ಸುತ್ತಲೂ ಒಣ ಹುಲ್ಲಿನ ಹೊದಿಕೆ ಕೊಡುತ್ತಿದ್ದರು. ನೆಲದ ತೇವ ಮೊದಲು ಹುಲ್ಲಿಗೆ ತಗಲಬೇಕು, ಕಾಳಿಗಲ್ಲ. ಇನ್ನು ನಮ್ಮ ಹಡಗಲಿ ಮಲ್ಲಿಗೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಹೂವು. ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಬಸ್ಸಿನಲ್ಲಿ ದೂರದ ಊರಿಗೆ ಹೋದರೂ ಬೆಳ್ಳಗೆ ಇರುತ್ತದೆ. ಅದೇ ಮೊಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಬಿಸಿಲಿಗೆ ಇಡಿ. ಸ್ವಲ್ಪ ಹೊತ್ತಿಗೆ ಒಳಗೆ ಬೆವರೊಡೆದು ಮೊಗ್ಗು ಕಂದಿಹೋಗುತ್ತದೆ. ಬಟ್ಟೆಯಲ್ಲೂ ನೀರಿದೆ, ಚೀಲದಲ್ಲೂ ನೀರಿದೆ. ಬಟ್ಟೆಯಲ್ಲಿ ನೀರಿಗೆ ಹೋಗಿಬರುವ ದಾರಿಯಿದೆ. ನಾನು ನನ್ನ ಅವ್ವನ ಗೋಡೆಗೆ ಆ ಪ್ಲಾಸ್ಟಿಕ್ ಚೀಲ ತೊಡಿಸಿದ್ದೆ.

ಈ ತಪ್ಪು ನನ್ನೊಬ್ಬನದಲ್ಲ ಎಂದು ಆಮೇಲೆ ತಿಳಿಯಿತು. ಫ್ರಾನ್ಸ್ ದೇಶದ ಹಳ್ಳಿ ಪಟ್ಟಣಗಳಲ್ಲಿ ಮರದ ಚೌಕಟ್ಟಿನ ನಡುವೆ ಮಣ್ಣು ಹುಲ್ಲು ತುಂಬಿದ ನೂರಾರು ವರ್ಷದ ಮನೆಗಳಿವೆ. ಅಲ್ಲಿಯೂ ಅವುಗಳಿಗೆ ಸಿಮೆಂಟ್ ಹಚ್ಚಿದರು. ಅಲ್ಲಿಯೂ ಒಳಗಿನ ಮರ ಕೊಳೆಯಿತು. 1980ರ ದಶಕದಲ್ಲಿ ಅದಕ್ಕೆ ಪರಿಹಾರವಾಗಿ ಸೆಣಬಿನಂಥ ನಾರಿನ ಒಂದು ಗಿಡದ ದಂಟಿನ ಚೂರನ್ನು ಸುಣ್ಣದ ಜೊತೆ ಕಲಸಿ ತುಂಬುವ ಪದ್ಧತಿ ಶುರುವಾಯಿತು. ಇಂದು ಅದು ಹಲವು ದೇಶಗಳಲ್ಲಿ ಹೊಸ ಮನೆ ಕಟ್ಟಲೂ ಬಳಕೆಯಲ್ಲಿದೆ. ದಂಟಿನ ಚೂರು ಆವಿಯನ್ನು ಹೀರಿ ಬಿಡುತ್ತದೆ, ಸುಣ್ಣದ ಕ್ಷಾರ ಬೂಷ್ಟನ್ನು ತಡೆಯುತ್ತದೆ. ನಮ್ಮ ದೇಶಕ್ಕೂ ಇದು ಹೊಸದಲ್ಲ. ಎಲ್ಲೋರದ ಗುಹೆಗಳ ಮಣ್ಣು ಸುಣ್ಣದ ಗಿಲಾವಿನಲ್ಲಿ ಅದೇ ಗಿಡದ ನಾರು ಬೆರೆಸಿರುವುದನ್ನು ವಿಜ್ಞಾನಿಗಳು ಗುರುತಿಸಿ 2016ರಲ್ಲಿ ಪ್ರಕಟಿಸಿದರು. ನಮ್ಮ ಹೊಲದ ಬದುವಿನಲ್ಲಿ ಪುಂಡಿ ಬೆಳೆಯುತ್ತದೆ. ಸೊಪ್ಪನ್ನು ಪಲ್ಲೆ ಮಾಡುತ್ತೇವೆ, ನಾರನ್ನು ಹಗ್ಗ ಹೊಸೆಯುತ್ತೇವೆ, ಉಳಿದ ಕಟ್ಟಿಗೆಯನ್ನು ಒಲೆಗೆ ಹಾಕುತ್ತೇವೆ. ಆ ಹಗುರ ಕಟ್ಟಿಗೆ ಗೋಡೆಗೆ ಬರುತ್ತದೆಯೇ ಎಂದು ಪರೀಕ್ಷಿಸಿ ನೋಡುವ ಕೆಲಸ ನಿಮ್ಮಲ್ಲಿ ಯಾರಾದರೂ ಮಾಡಬಹುದು.

ಇಷ್ಟು ಹೇಳಿದ ಮೇಲೆ "ಹಾಗಾದರೆ ಎಲ್ಲರೂ ಮತ್ತೆ ಮಣ್ಣಿನ ಮನೆಗೆ ಹೋಗಬೇಕೇ?" ಎಂದು ಕೇಳಿದರೆ ನನ್ನ ಉತ್ತರ ಇಲ್ಲ ಎಂದೇ. ಮಣ್ಣಿನ ಮನೆಯನ್ನು ಹೊಗಳುವವರು ಅದನ್ನು ಸಾರಿಸಿದವರಲ್ಲ. ಆ ಗೋಡೆ ಚೆನ್ನಾಗಿದ್ದದ್ದು ಅದರ ಗುಣದಿಂದ ಮಾತ್ರವಲ್ಲ, ವರ್ಷಕ್ಕೆ ಮೂರು ಸಲ ಹೆಣ್ಣುಮಕ್ಕಳು ಬಗ್ಗಿ ದುಡಿದದ್ದರಿಂದ. ಆ ದುಡಿಮೆಗೆ ಕೂಲಿ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಈಗ ಮನೆಯಲ್ಲಿ ದನ ಕಡಿಮೆ, ಸಗಣಿ ಕಡಿಮೆ, ಮಣ್ಣು ತರುವ ಜಾಗಗಳೂ ಕಡಿಮೆ. ಚೇಳು, ಹಾವು, ಸೋರುವ ಮಾಳಿಗೆ, ಇವೆಲ್ಲ ಇದ್ದೇ ಇದ್ದವು. ಸಿಮೆಂಟ್ ಹಚ್ಚಿದ್ದರಿಂದಲೇ ಎಲ್ಲ ಗೋಡೆಗಳೂ ಬಿದ್ದವು ಎಂದೂ ನಾನು ಹೇಳುವುದಿಲ್ಲ; 2009ರಲ್ಲಿ ಬರಿಯ ಮಣ್ಣಿನ ಗೋಡೆಗಳೂ ಸಾಕಷ್ಟು ಬಿದ್ದವು. ಮಾಳಿಗೆ ಸೋರಿ, ಬುಡದಲ್ಲಿ ನೀರು ನಿಂತು ಬಿದ್ದವು. ಅವ್ವನ ಮೊಣಕಾಲಿಗಾಗಿ ನಾನು ಪರಿಹಾರ ಹುಡುಕಿದ್ದು ತಪ್ಪಲ್ಲ. ಗೋಡೆಯ ಸ್ವಭಾವ ತಿಳಿಯದೆ ಹುಡುಕಿದ್ದು ತಪ್ಪು.

ಹೊಸ ಮನೆ ಕಟ್ಟುವವರಿಗೆ ದಾರಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಉದ್ದೇಶ. ಅಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸಾಕು. ಇಲ್ಲಿ ಸಿಮೆಂಟ್ ಗೋಡೆಯ ಮೇಲೆ ಹಲ್ಲೆಯಾಗಿ ಕೂರುವುದಿಲ್ಲ, ಮಣ್ಣಿನೊಳಗೇ ಬೆರೆತಿರುತ್ತದೆ. ನೆನೆದರೂ ಮುದ್ದೆಯಾಗುವುದಿಲ್ಲ, ಗಿಲಾವಿಲ್ಲದೆಯೂ ನಿಲ್ಲುತ್ತದೆ. ಸಿಮೆಂಟ್ ನಮ್ಮ ಶತ್ರುವಲ್ಲ ಎಂದು ಹೇಳಲು ಇಷ್ಟು ಸಾಕು.

ಈಗಾಗಲೇ ಮಣ್ಣಿನ ಗೋಡೆಯ ಮನೆಯಲ್ಲಿ ಇರುವವರಿಗೆ ನನ್ನ ಕೆಲವು ಮಾತುಗಳು. ಇವನ್ನು ಮನೆಗೆ ಹೋಗಿ ಹೇಳಿ.

ಒಂದು, ಮಾಳಿಗೆ ಮತ್ತು ಸೂರು. ಮುಂಗಾರಿಗೆ ಮೊದಲು ಮಾಳಿಗೆಯ ಹುಲ್ಲು ಕಿತ್ತು, ಸವಳು ಮಣ್ಣು ಹಾಕಿ, ನೀರು ಹೋಗುವ ದೋಣಿ ಸರಿಮಾಡಿ. ಗೋಡೆಯ ತಲೆಗೆ ನೀರು ಇಳಿಯಬಾರದು.

ಎರಡು, ಗೋಡೆಯ ಬುಡ. ಓಣಿಯ ರಸ್ತೆಗೆ ವರ್ಷವರ್ಷ ಕಾಂಕ್ರೀಟ್ ಹಾಕಿ ಎತ್ತರ ಮಾಡುತ್ತಾ ಹೋದರೆ ಎರಡು ಅಡಿಯ ಪಾಯ ಅರ್ಧ ಅಡಿ ಆಗುತ್ತದೆ, ಮಳೆನೀರು ಗೋಡೆಗೇ ಬಡಿಯುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆಯಿರಿ. ಬಚ್ಚಲ ನೀರನ್ನು ಗೋಡೆಯಿಂದ ದೂರ ಒಯ್ಯಿರಿ.

ಮೂರು, ಗಿಲಾವು. ಗಿಲಾವು ಯಾವಾಗಲೂ ಗೋಡೆಗಿಂತ ಮೆತ್ತಗಿರಬೇಕು. ಮಣ್ಣಿನ ಗೋಡೆಗೆ ಮಣ್ಣು, ಹೊಟ್ಟು, ಸಗಣಿಯ ಗಿಲಾವು. ಇಲ್ಲವೇ ಸುಣ್ಣ ಮರಳಿನ ಗಿಲಾವು. ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಹಾಲಿನಂತೆ ಬೆಳ್ಳಗಾಗುವುದನ್ನು ನೀವು ಪ್ರಯೋಗಶಾಲೆಯಲ್ಲಿ ನೋಡಿದ್ದೀರಿ. ಗೋಡೆಯ ಸುಣ್ಣವೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಸುಣ್ಣದ ಕಲ್ಲಾಗುತ್ತದೆ. ಕಲ್ಲಾದರೂ ಆವಿಗೆ ದಾರಿ ಬಿಡುತ್ತದೆ. ಮಣ್ಣಿನ ಸಾರಣೆಗಿಂತ ಹೆಚ್ಚು ಕಾಲ ಬಾಳುತ್ತದೆ. ಹೆಣ್ಣುಮಕ್ಕಳ ದುಡಿಮೆಯೂ ಕಡಿಮೆಯಾಗುತ್ತದೆ. ಎಣ್ಣೆ ಬಣ್ಣ, ಪ್ಲಾಸ್ಟಿಕ್ ಬಣ್ಣ ಬೇಡ. ಸುಣ್ಣ ಬಳಿಯಿರಿ.

ನಾಲ್ಕು, ಈಗಾಗಲೇ ಸಿಮೆಂಟ್ ಹಚ್ಚಿದ ಮಣ್ಣಿನ ಗೋಡೆಯಿದ್ದರೆ ಬೆರಳಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು, ಬಿಳಿ ಉಪ್ಪು, ಬುಡದಲ್ಲಿ ಉಬ್ಬು ಕಂಡರೆ ಅದರ ಮಗ್ಗುಲಿಗೆ ಮಲಗಬೇಡಿ, ಮಕ್ಕಳನ್ನು ಮಲಗಿಸಬೇಡಿ. ತಿಳಿದ ಗೌಂಡಿಯನ್ನು ಕರೆಸಿ, ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ, ಗೋಡೆ ಪೂರ್ತಿ ಆರಿದ ಮೇಲೆ ಸುಣ್ಣದ ಗಿಲಾವು ಮಾಡಿಸಿ. ಉದುರಿದ ಜಾಗಕ್ಕೆ ಮತ್ತೆ ಸಿಮೆಂಟ್ ಮೆತ್ತುವುದು ನಾನು ಮಾಡಿದ ಎರಡನೆಯ ತಪ್ಪು, ನೀವು ಮಾಡಬೇಡಿ.

ವಿದ್ಯಾರ್ಥಿಗಳೇ, ನನ್ನ ಮಾತನ್ನು ನಂಬಬೇಡಿ, ತೂಗಿ ನೋಡಿ. ಒಂದೇ ಅಳತೆಯ ಡಬ್ಬಿಯ ಮುಚ್ಚಳದಲ್ಲಿ ಮೂರು ಬಿಲ್ಲೆ ಮಾಡಿ. ಒಂದು ಬರಿಯ ಕೆಮ್ಮಣ್ಣಿನದು, ಇನ್ನೊಂದು ಕೆಮ್ಮಣ್ಣು ಹೊಟ್ಟು ಸಗಣಿಯದು, ಮತ್ತೊಂದು ಸಿಮೆಂಟ್ ಮರಳಿನದು. ಸಿಮೆಂಟಿನದಕ್ಕೆ ವಾರ ನೀರುಣಿಸಿ, ಆಮೇಲೆ ಮೂರನ್ನೂ ಮೂರು ವಾರ ಆರಿಸಿ ತೂಗಿ ಬರೆದಿಡಿ. ಒಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಬಟ್ಟಲು ನೀರಿಟ್ಟು, ನೀರು ತಾಕದಂತೆ ಜಾಲರಿಯ ಮೇಲೆ ಬಿಲ್ಲೆಗಳನ್ನಿಟ್ಟು ಮುಚ್ಚಿ. ಪ್ರತಿದಿನ ಒಂದೇ ಹೊತ್ತಿಗೆ ತೂಗಿ. ವಾರದ ಮೇಲೆ ಹೊರಗಿಟ್ಟು ಮತ್ತೆ ತೂಗುತ್ತಾ ಹೋಗಿ. ಯಾವುದು ಎಷ್ಟು ಕುಡಿಯಿತು, ಎಷ್ಟು ಬೇಗ ಬಿಟ್ಟಿತು ಎಂಬುದು ನಿಮ್ಮ ಪುಸ್ತಕದಲ್ಲೇ ಬರುತ್ತದೆ.

ಇನ್ನೊಂದು ಕೆಲಸ. ನಮ್ಮ ವಿಜ್ಞಾನದ ಮೇಷ್ಟ್ರು ಎರಡು ಉಷ್ಣಮಾಪಕ ತಂದು, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಗಾಳಿಯ ತೇವ ಅಳೆಯುವುದನ್ನು ಕಲಿಸಿದ್ದರು. ಮಳೆಗಾಲದಲ್ಲಿ ಎರಡರ ನಡುವೆ ಒಂದೆರಡು ಡಿಗ್ರಿ ಅಂತರ. ಏಪ್ರಿಲ್ ತಿಂಗಳ ಮಧ್ಯಾಹ್ನ ಹತ್ತು ಡಿಗ್ರಿ ಮೀರುತ್ತದೆ. ಅಂತರ ಕಡಿಮೆಯಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಅಂದು ಅದು ಪರೀಕ್ಷೆಗೆ ಬರುವ ಎರಡು ಅಂಕದ ಪ್ರಶ್ನೆ ಎಂದುಕೊಂಡಿದ್ದೆ. ನಾನು ಅದನ್ನು 1998ರಲ್ಲಿ ನೆನಪು ಮಾಡಿಕೊಂಡಿದ್ದರೆ ನಮ್ಮ ಅಡುಗೆಮನೆಯ ಗೋಡೆ ಇನ್ನೂ ನಿಂತಿರುತ್ತಿತ್ತು. ಒಂದು ಮಣ್ಣಿನ ಮನೆ, ಒಂದು ತಗಡಿನ ಮನೆ, ಒಂದು ಕಾಂಕ್ರೀಟ್ ಮನೆ ಆರಿಸಿಕೊಂಡು, ಮುಂಜಾನೆ ಸಂಜೆ ಒಂದು ವರ್ಷ ಬರೆದಿಡಿ. ನಿಮ್ಮದೇ ಊರಿನ ಮನೆಗಳ ಇಂಥ ದಾಖಲೆ ಯಾವ ಇಂಜಿನಿಯರ್‌ಗೂ ಉಪಯೋಗಕ್ಕೆ ಬರುತ್ತದೆ. ಇದಕ್ಕೆಂದು ಆರು ಉಷ್ಣಮಾಪಕ, ಒಂದು ಗ್ರಾಂ ತನಕ ತೂಗುವ ತಕ್ಕಡಿ, ಮತ್ತು ಒಂದು ದಪ್ಪ ರಿಜಿಸ್ಟರನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದ್ದೇನೆ. ಮೊದಲ ಹಾಳೆಯಲ್ಲಿ ಗೌಂಡಿ ಅಜ್ಜನ ಮಾತನ್ನು ಬರೆದಿದ್ದೇನೆ.

ಬಿದ್ದ ಗೋಡೆಯನ್ನು ಮತ್ತೆ ಕಟ್ಟಿದೆವು. ಅಜ್ಜನಿಗೆ ಆಗ ಕಣ್ಣು ಮಂದವಾಗಿತ್ತು. ಮಣ್ಣನ್ನು ಹಿಡಿಯಲ್ಲಿ ಹಿಚುಕಿ ಹದ ಹೇಳುತ್ತಿದ್ದರು, ನಾನು ತುಳಿಯುತ್ತಿದ್ದೆ. ಉಳಿದ ಗೋಡೆಗಳ ಸಿಮೆಂಟನ್ನೂ ಎರಡು ಬೇಸಿಗೆಯಲ್ಲಿ ಬಿಡಿಸಿದೆವು. ಒಳಗೂ ಹೊರಗೂ ಸುಣ್ಣದ ಗಿಲಾವು. ಅವ್ವ ಸಾರಿಸಬೇಕಾಗಿ ಬರಲಿಲ್ಲ. ಆದರೂ ದೀಪಾವಳಿಗೆ ಒಲೆಯ ಹಿಂದಿನ ಒಂದು ಮೊಳ ಜಾಗವನ್ನು ಮಾತ್ರ ತಾನೇ ಸಾರಿಸಿಕೊಂಡಳು. ಆಮೇಲೆ ಆಕೆ ಬದುಕಿದ ಆರು ವರ್ಷವೂ ಆ ಗೋಡೆಗೇ ಬೆನ್ನು ಹಚ್ಚಿ ಕೂತಳು. ಅಜ್ಜನೂ ಈಗ ಇಲ್ಲ. ಗೋಡೆ ಇದೆ. ಕಾರ್ಯಕ್ರಮ ಮುಗಿದ ಮೇಲೆ ಬರುವವರು ಬನ್ನಿ, ತಟ್ಟಿ ನೋಡಿ, ಚಹಾ ಕುಡಿದು ಹೋಗಿ.